ಸೀಬೆ–ಮೆಣಸಿನಕಾಯಿ ಜೆಲ್ಲಿ: ಪೆಕ್ಟಿನ್ ಪುಡಿ ಇಲ್ಲದೆ ಮನೆಯಲ್ಲೇ ಮಾಡಲು ಸಮಗ್ರ ಮಾರ್ಗದರ್ಶಿ

ಖಾರದ ಜೆಲ್ಲಿ ಮಾಡೋಣ ಅಂತ ರೆಸಿಪಿ ಹುಡುಕಿದರೆ ಹೆಚ್ಚಿನವು ಮೊದಲು ಕೇಳುವುದೇ ಒಂದು ಪ್ಯಾಕೆಟ್ ಪೆಕ್ಟಿನ್. ಅಮೆರಿಕದಲ್ಲಿ ಅದು ದಿನಸಿ ಅಂಗಡಿಯಲ್ಲೇ ಸಿಗುತ್ತದೆ. ನಮ್ಮಲ್ಲಿ ಬೇಕರಿ ಸಾಮಾನಿನ ಅಂಗಡಿ ಹುಡುಕಿಕೊಂಡು ಹೋಗಬೇಕು, ಇಲ್ಲವೇ ಆನ್‌ಲೈನ್‌ನಲ್ಲಿ ತರಿಸಬೇಕು. ಇಷ್ಟೆಲ್ಲ ಒದ್ದಾಟ ಬೇಕಿಲ್ಲ. ಸಂತೆಯಲ್ಲಿ ರಾಶಿ ಹಾಕಿ ಮಾರುವ ಸೀಬೆಹಣ್ಣಿನಲ್ಲಿ ಜೆಲ್ಲಿ ಕಟ್ಟುವಷ್ಟು ಪೆಕ್ಟಿನ್ ತಾನಾಗಿಯೇ ಇದೆ. ಅದನ್ನು ನೀರಿಗೆ ಇಳಿಸಿಕೊಳ್ಳುವುದು ಗೊತ್ತಾದರೆ ಸಾಕು, ಮೆಣಸಿನಕಾಯಿ ಜೆಲ್ಲಿ ನಮ್ಮ ಅಡುಗೆಮನೆಯದೇ ಆಗುತ್ತದೆ.

ಇದು ಬೆಳಗ್ಗೆ ಬ್ರೆಡ್ಡಿಗೆ ಸವರುವ ಸಿಹಿ ಜೆಲ್ಲಿಯಲ್ಲ. ಉಪ್ಪು, ಹುಳಿ, ಖಾರ ಮೂರೂ ಇರುವ, ಅಕ್ಕಿ ರೊಟ್ಟಿಗೂ ಚೀಸ್ ಟೋಸ್ಟಿಗೂ ಸುಟ್ಟ ಪನೀರಿಗೂ ಹೊಂದುವ ಜೆಲ್ಲಿ. ಕೆಲಸ ಎರಡು ದಿನಕ್ಕೆ ಹರಡುತ್ತದೆ. ಒಲೆ ಮುಂದೆ ನಿಲ್ಲುವ ಹೊತ್ತು ಮಾತ್ರ ಹೆಚ್ಚಿಲ್ಲ.

ಜೆಲ್ಲಿ ಕಟ್ಟುವುದು ಹೇಗೆ

ಹಣ್ಣಿನ ಪೆಕ್ಟಿನ್, ಹುಳಿ, ಸಕ್ಕರೆ, ಈ ಮೂರೂ ಸರಿಯಾದ ಅಳತೆಯಲ್ಲಿ ಸೇರಬೇಕು. ಪೆಕ್ಟಿನ್ ಎಂದರೆ ಹಣ್ಣಿನ ಕೋಶಗಳನ್ನು ಒಂದಕ್ಕೊಂದು ಅಂಟಿಸಿ ಹಿಡಿದಿರುವ ವಸ್ತು. ಬಿಸಿನೀರಿನಲ್ಲಿ ಬೇಯಿಸಿದಾಗ ಅದು ಬಿಟ್ಟುಕೊಂಡು ನೀರಿಗೆ ಬರುತ್ತದೆ. ಹುಳಿ ಇದ್ದಾಗ ಪೆಕ್ಟಿನ್ ಎಳೆಗಳು ಒಂದನ್ನೊಂದು ದೂರ ತಳ್ಳುವುದು ಕಡಿಮೆಯಾಗುತ್ತದೆ. ಸಕ್ಕರೆ ನೀರನ್ನು ತನ್ನ ಕಡೆ ಎಳೆದುಕೊಳ್ಳುತ್ತದೆ. ಆಗ ಎಳೆಗಳು ಹತ್ತಿರ ಬಂದು ಬಲೆ ಕಟ್ಟುತ್ತವೆ, ಉಳಿದ ನೀರು ಆ ಬಲೆಯೊಳಗೆ ನಿಲ್ಲುತ್ತದೆ. ಇದಕ್ಕೆ ಪಿಎಚ್, ಅಂದರೆ ಹುಳಿಯ ಅಳತೆ (ಅಂಕಿ ಇಳಿದಷ್ಟೂ ಹುಳಿ ಜಾಸ್ತಿ), ಸುಮಾರು 3.2ರ ಆಸುಪಾಸು ಇರಬೇಕು, ಸಕ್ಕರೆ ಅಂಶ ಶೇಕಡಾ 65ರ ಹತ್ತಿರ ಬರಬೇಕು.

ಈ 65 ಎಂಬ ಅಂಕಿ ನೆನಪಿರಲಿ. 'ಖಾರದ ಜೆಲ್ಲಿ ಅಲ್ವಾ, ಸಕ್ಕರೆ ಅರ್ಧ ಮಾಡೋಣ' ಅಂತ ಅನ್ನಿಸುವುದು ಸಹಜ. ಆದರೆ ಸಕ್ಕರೆ ಕಡಿಮೆಯಾದರೆ ಜೆಲ್ಲಿ ಕಟ್ಟುವುದಿಲ್ಲ, ಬಾಳಿಕೆಯೂ ಬರುವುದಿಲ್ಲ. ಸಿಹಿ ಜಾಸ್ತಿ ಅನ್ನಿಸದಂತೆ ಮಾಡುವ ದಾರಿ ಉಪ್ಪು ಮತ್ತು ವಿನೆಗರ್. ಸಕ್ಕರೆಯನ್ನು ಮುಟ್ಟಬೇಡಿ.

ಹಣ್ಣು ಆರಿಸುವುದು

ಅರ್ಧ ಫಲಿತಾಂಶ ಇಲ್ಲೇ ತೀರ್ಮಾನವಾಗುತ್ತದೆ. ಪೂರ್ತಿ ಹಣ್ಣಾಗಿ ಮೆತ್ತಗಾದ ಸೀಬೆಯಲ್ಲಿ ಪರಿಮಳ ಚೆನ್ನಾಗಿರುತ್ತದೆ, ಆದರೆ ಪೆಕ್ಟಿನ್ ಅಷ್ಟರಲ್ಲಿ ಒಡೆದುಹೋಗಿರುತ್ತದೆ. ಪೂರ್ತಿ ಕಾಯಿ ತಂದರೆ ಒಗರು, ಪರಿಮಳ ಇಲ್ಲ. ಹಸಿರು ತಿರುಗಿ ತಿಳಿಹಳದಿಗೆ ಬಂದ, ಒತ್ತಿದರೆ ಇನ್ನೂ ಗಟ್ಟಿ ಇರುವ ಹಣ್ಣು ಮುಕ್ಕಾಲು ಪಾಲು, ದೋರೆಗಾಯಿ ಕಾಲು ಪಾಲು ತೆಗೆದುಕೊಳ್ಳಿ.

ಮಳೆಗಾಲದ ಸೀಬೆ ನೀರಾಗಿರುತ್ತದೆ, ರುಚಿ ಸಪ್ಪೆ, ಒಳಗೆ ಹುಳ ಇರುವುದೂ ಹೆಚ್ಚು. ಚಳಿಗಾಲದ ಬೆಳೆ ಗಟ್ಟಿ, ಪರಿಮಳ ಜಾಸ್ತಿ. ಹಾಗಾಗಿ ಈ ಜೆಲ್ಲಿಗೆ ನವೆಂಬರ್‌ನಿಂದ ಫೆಬ್ರವರಿವರೆಗಿನ ಕಾಲವೇ ಒಳ್ಳೆಯದು. ತಳಿ ಯಾವುದಾದರೂ ನಡೆಯುತ್ತದೆ. ಅಲಹಾಬಾದ್ ಸಫೇದ, ಲಕ್ನೋ 49 ಎರಡೂ ಚೆನ್ನಾಗಿ ಕಟ್ಟುತ್ತವೆ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ಕಿರಣ್ ಸಿಕ್ಕರೆ ಬಿಡಬೇಡಿ. ಅದರ ತಿರುಳು ಕೆಂಪು, ಜೆಲ್ಲಿಯ ಬಣ್ಣ ನೋಡಲೇ ಖುಷಿ. ಬಿಳಿ ತಿರುಳಿನ ಸೀಬೆಯಾದರೂ ಚಿಂತೆ ಬೇಡ, ಕುದಿಯುತ್ತಾ ಕುದಿಯುತ್ತಾ ರಸ ತಾನೇ ಕೆಂಗಂದು ಬಣ್ಣಕ್ಕೆ ತಿರುಗುತ್ತದೆ.

ಯಾವ ಮೆಣಸಿನಕಾಯಿ, ಯಾವಾಗ ಹಾಕಬೇಕು

ತುಂಬಾ ಜನ ಮೆಣಸಿನಕಾಯಿಯನ್ನು ಹಣ್ಣಿನ ಜೊತೆಗೇ ಹಾಕಿ ಬೇಯಿಸುತ್ತಾರೆ. ನನ್ನ ಪ್ರಕಾರ ಅದು ಮೆಣಸಿನಕಾಯಿಯ ದಂಡ. ಖಾರ ಕೊಡುವ ಕ್ಯಾಪ್ಸೈಸಿನ್ ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ. ಬ್ಯಾಡಗಿಯ ಕೆಂಪು ಬಣ್ಣವೂ ಅಷ್ಟೇ, ಎಣ್ಣೆಗೆ ಬಿಡುವ ಹಾಗೆ ನೀರಿಗೆ ಬಿಡುವುದಿಲ್ಲ. ಬೇಯಿಸಿ ಸೋಸಿದರೆ ಖಾರ, ಬಣ್ಣ ಎರಡೂ ಬಹುಪಾಲು ಬಟ್ಟೆಯಲ್ಲೇ ಉಳಿಯುತ್ತವೆ. ಸಣ್ಣ ಚೂರುಗಳಾಗಿ ಜೆಲ್ಲಿಯೊಳಗೇ ಇರಬೇಕು. ಆಗ ಮೊದಲು ಹುಳಿ–ಸಿಹಿ ಬಂದು, ಖಾರ ಹಿಂದಿನಿಂದ ಬರುತ್ತದೆ. ಈ ಜೆಲ್ಲಿಯ ಸೊಗಸೇ ಅದು.

ನಾನು ಎರಡು ಬಗೆ ಸೇರಿಸುತ್ತೇನೆ. ಬಣ್ಣಕ್ಕೆ, ಘಮಕ್ಕೆ ಬ್ಯಾಡಗಿ. 2011ರಲ್ಲಿ ಭೌಗೋಳಿಕ ಗುರುತು ಪಡೆದ ಈ ಮೆಣಸಿನಕಾಯಿಯಲ್ಲಿ ಖಾರ ಕಡಿಮೆ, ಬಣ್ಣ ಗಾಢ. ಸುಕ್ಕು ಸುಕ್ಕಾದ ಕಡ್ಡಿ ಆಗಲಿ, ಗುಂಡಗಿನ ಡಬ್ಬಿ ಆಗಲಿ ನಡೆಯುತ್ತದೆ. ಖಾರಕ್ಕೆ ಹಸಿ ಮೆಣಸಿನಕಾಯಿ, ಸಾಧ್ಯವಾದರೆ ಹಣ್ಣಾಗಿ ಕೆಂಪಾದದ್ದು. ಮಲೆನಾಡು, ಕೊಡಗಿನ ಕಡೆಯವರಿಗೆ ಸೂಜಿ ಮೆಣಸು ಸಿಕ್ಕರೆ ಅದಕ್ಕಿಂತ ಒಳ್ಳೆಯದಿಲ್ಲ, ಆದರೆ ಅಳತೆಯನ್ನು ಕಾಲು ಭಾಗಕ್ಕೆ ಇಳಿಸಿ. ಖಾರ ಇರುವುದು ಬೀಜದಲ್ಲಿ ಅಂತ ಹೇಳುವುದುಂಟು. ನಿಜವಾಗಿ ಅದು ಬೀಜ ಅಂಟಿಕೊಂಡಿರುವ ಒಳಗಿನ ಬಿಳಿ ನಾರಿನಲ್ಲಿದೆ. ಖಾರ ಕಡಿಮೆ ಬೇಕಾದರೆ ಆ ನಾರನ್ನು ಕೆರೆದು ತೆಗೆಯಿರಿ.

ಬೇಕಾದ ಸಾಮಾನು

250 ಮಿಲಿಯ ಮೂರು ಬಾಟಲಿಗಳಿಗೆ:

- ಸೀಬೆಹಣ್ಣು 1 ಕೆಜಿ
- ನೀರು ಸುಮಾರು 1.25 ಲೀಟರ್
- ಸಿಟ್ರಿಕ್ ಆಸಿಡ್ 2 ಗ್ರಾಂ (ಸುಮಾರು ಅರ್ಧ ಟೀ ಚಮಚ), ಅಥವಾ ಎರಡು ನಿಂಬೆಹಣ್ಣಿನ ರಸ
- ಸಕ್ಕರೆ 600 ಗ್ರಾಂ
- ಶೇಕಡಾ 4ರಿಂದ 5 ಆಮ್ಲ ಇರುವ ಬಿಳಿ ವಿನೆಗರ್ 60 ಮಿಲಿ
- ಹಸಿ ಮೆಣಸಿನಕಾಯಿ 40ರಿಂದ 50 ಗ್ರಾಂ
- ಬ್ಯಾಡಗಿ ಮೆಣಸಿನಕಾಯಿ 5ರಿಂದ 6
- ಉಪ್ಪು ಒಂದೂವರೆ ಟೀ ಚಮಚ
- ಕುಟ್ಟಿದ ಕಾಳುಮೆಣಸು ಅರ್ಧ ಟೀ ಚಮಚ, ಇಷ್ಟವಿದ್ದರೆ

ಪಾತ್ರೆ ಸ್ಟೀಲಿನದಾಗಿರಲಿ, ತಳ ದಪ್ಪ ಇರಲಿ, ಬಾಯಿ ಅಗಲ ಇರಲಿ. ಅಲ್ಯೂಮಿನಿಯಂ, ಹಿತ್ತಾಳೆ, ಕಬ್ಬಿಣ ಬೇಡ, ಹುಳಿ ಅವುಗಳ ಜೊತೆ ಸೇರಿ ರುಚಿ, ಬಣ್ಣ ಕೆಡಿಸುತ್ತದೆ. ಪಾಕ ಕುದಿಯುವಾಗ ನೊರೆ ತುಂಬಾ ಮೇಲೆ ಬರುತ್ತದೆ, ಹಾಗಾಗಿ ಪಾತ್ರೆಯ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ತುಂಬಬೇಡಿ. ಒಂದು ಅಡುಗೆಮನೆ ತಕ್ಕಡಿ, ಹಳೆಯ ತೆಳು ಪಂಚೆ ಬಟ್ಟೆ, ಅಡುಗೆ ಥರ್ಮಾಮೀಟರ್ ಇದ್ದರೆ ಕೆಲಸ ಹಗುರ. ಥರ್ಮಾಮೀಟರ್ ಇಲ್ಲದಿದ್ದರೂ ಆಗುತ್ತದೆ, ತಕ್ಕಡಿ ಇಲ್ಲದೆ ಮಾತ್ರ ಕಷ್ಟ.

ಮೊದಲ ದಿನ: ರಸ ಇಳಿಸುವುದು

ಸೀಬೆ ತೊಳೆದು, ತೊಟ್ಟು ಮತ್ತು ತುದಿಯ ಒಣಗಿದ ಭಾಗ ತೆಗೆಯಿರಿ. ಸಿಪ್ಪೆ ಸುಲಿಯಬೇಡಿ, ಬೀಜ ತೆಗೆಯಬೇಡಿ. ಅರ್ಧ ಸೆಂಟಿಮೀಟರ್ ದಪ್ಪದ ಹೋಳು ಮಾಡಿ ಪಾತ್ರೆಗೆ ಹಾಕಿ. ಹೋಳುಗಳು ಮುಳುಗುವಷ್ಟು ನೀರು, ಸಿಟ್ರಿಕ್ ಆಸಿಡ್ ಸೇರಿಸಿ. ಹುಳಿ ಈಗಲೇ ಹಾಕುವುದಕ್ಕೆ ಕಾರಣ ಇದೆ, ಹುಳಿ ನೀರಿನಲ್ಲಿ ಪೆಕ್ಟಿನ್ ಚೆನ್ನಾಗಿ ಬಿಟ್ಟುಕೊಳ್ಳುತ್ತದೆ.

ಒಂದು ಕುದಿ ಬಂದ ಮೇಲೆ ಉರಿ ಸಣ್ಣ ಮಾಡಿ 25ರಿಂದ 30 ನಿಮಿಷ ಬೇಯಿಸಿ. ಆಗಾಗ ಸೌಟಿನ ಹಿಂಭಾಗದಿಂದ ಹಗುರವಾಗಿ ಒತ್ತಿದರೆ ಸಾಕು. ಮಸೆದು ಹಿಟ್ಟು ಮಾಡಬೇಡಿ. ಕುಕ್ಕರಿನಲ್ಲಿ ಕೂಗಿಸುವ ಆಸೆಯನ್ನೂ ಬಿಟ್ಟುಬಿಡಿ, ಹಣ್ಣು ಕರಗಿ ಗಂಜಿಯಾಗಿ ರಸ ಎಂದೂ ತಿಳಿಯಾಗುವುದಿಲ್ಲ.

ಪಂಚೆ ಬಟ್ಟೆಯನ್ನು ಕುದಿನೀರಿನಲ್ಲಿ ಅದ್ದಿ ಹಿಂಡಿ, ಎರಡು ಮಡಿಕೆ ಮಾಡಿ ಜಾಲರಿಯ ಮೇಲೆ ಹಾಸಿ. ಬೆಂದದ್ದನ್ನು ಸುರಿದು, ಗಂಟು ಕಟ್ಟಿ, ಕೆಳಗೆ ಪಾತ್ರೆ ಇಟ್ಟು ತೂಗುಹಾಕಿ. ರಾತ್ರಿಯಿಡೀ ತಾನಾಗಿ ತೊಟ್ಟಿಕ್ಕಲಿ. ಹಿಂಡಬೇಡಿ. ಹಿಂಡಿದರೆ ಇನ್ನೊಂದು ಲೋಟ ರಸ ಸಿಗಬಹುದು, ಆದರೆ ಅದರ ಜೊತೆ ತಿರುಳೂ ಇಳಿದು ಜೆಲ್ಲಿ ಮಬ್ಬಾಗುತ್ತದೆ. ಮಬ್ಬಾದ ಜೆಲ್ಲಿ ತಿನ್ನಲು ಏನೂ ತೊಂದರೆಯಿಲ್ಲ. ಆದರೆ ಬೆಳಕಿಗೆ ಹಿಡಿದಾಗ ಕೆಂಪು ಚೂರುಗಳು ತೇಲುತ್ತಾ ಕಾಣಬೇಕು ಅಂದರೆ ಈ ಒಂದು ರಾತ್ರಿ ಕಾಯಲೇಬೇಕು. ಸೆಖೆ ಜಾಸ್ತಿ ಇರುವ ಊರಾದರೆ ನಾಲ್ಕೈದು ಗಂಟೆ ತೊಟ್ಟಿಕ್ಕಿಸಿ ರಸವನ್ನು ಫ್ರಿಜ್ಜಿಗೆ ಸೇರಿಸಿ.

ಅದೇ ರಾತ್ರಿ ಮೆಣಸಿನಕಾಯಿಯನ್ನೂ ಸಿದ್ಧ ಮಾಡಿಡಿ. ಬ್ಯಾಡಗಿಯ ಬೀಜ ಕೊಡವಿ, ಬಿಸಿನೀರಿನಲ್ಲಿ 20 ನಿಮಿಷ ನೆನೆಸಿ, ನೀರು ಹಿಂಡಿ, ಕತ್ತರಿಯಿಂದ ಸಣ್ಣಗೆ ಕತ್ತರಿಸಿ. ಹಸಿ ಮೆಣಸಿನಕಾಯಿಯನ್ನು ಆದಷ್ಟೂ ಸಣ್ಣಗೆ ಹೆಚ್ಚಿ. ಕೈಗೆ ಗ್ಲೌಸ್ ಇರಲಿ. ಎರಡನ್ನೂ ವಿನೆಗರ್ ಮತ್ತು ಉಪ್ಪಿನಲ್ಲಿ ಕಲಸಿ, ಗಾಜಿನ ಬಟ್ಟಲಲ್ಲಿ ಮುಚ್ಚಿ ಫ್ರಿಜ್ಜಿನಲ್ಲಿಡಿ. ಮೆಣಸಿನಕಾಯಿಯಲ್ಲಿ ಹುಳಿ ತೀರಾ ಕಡಿಮೆ. ಹುಳಿ ಇಲ್ಲದ ತರಕಾರಿಯನ್ನು ಗಾಳಿ ಆಡದ ಬಾಟಲಿಯಲ್ಲಿ ಮುಚ್ಚಿಟ್ಟರೆ ಬಾಟುಲಿಸಂ ಎಂಬ ಪ್ರಾಣಾಪಾಯದ ಆಹಾರ ವಿಷಬಾಧೆ ತರುವ ಬ್ಯಾಕ್ಟೀರಿಯಾ ಬೆಳೆಯುವ ಅಪಾಯ ಇದೆ. ಪಿಎಚ್ 4.6ಕ್ಕಿಂತ ಕೆಳಗಿದ್ದರೆ ಅದು ಬೆಳೆಯುವುದಿಲ್ಲ. ರಾತ್ರಿಯಿಡೀ ನೆನೆದರೆ ಚೂರಿನ ಒಳಗಿನವರೆಗೂ ವಿನೆಗರ್ ಇಳಿಯುತ್ತದೆ. ಆದ್ದರಿಂದ ವಿನೆಗರ್ ಕಡಿಮೆ ಮಾಡಬೇಡಿ, ಮೆಣಸಿನಕಾಯಿಯನ್ನು ಹೇಳಿದ ತೂಕಕ್ಕಿಂತ ಜಾಸ್ತಿ ಹಾಕಬೇಡಿ. ಖಾರ ಸಾಲದಿದ್ದರೆ ಇನ್ನೂ ಖಾರದ ತಳಿ ಆರಿಸಿಕೊಳ್ಳಿ. ಬೆಳ್ಳುಳ್ಳಿ ಸೇರಿಸುವ ಮನಸ್ಸಿದ್ದರೆ ಅದರ ತೂಕವನ್ನೂ ಈ 50 ಗ್ರಾಂ ಒಳಗೇ ಲೆಕ್ಕ ಹಾಕಿ, ಅದೂ ವಿನೆಗರ್‌ನಲ್ಲೇ ನೆನೆಯಲಿ.

ಎರಡನೆಯ ದಿನ: ಪೆಕ್ಟಿನ್ ಪರೀಕ್ಷೆ

ತೊಟ್ಟಿಕ್ಕಿದ ರಸ ಸುಮಾರು 750ರಿಂದ 800 ಮಿಲಿ ಬರುತ್ತದೆ. ಮುಟ್ಟಿದರೆ ಸ್ವಲ್ಪ ಜಾರುವ ಗುಣ ಇರಬೇಕು. ಅದರಲ್ಲಿ ಎಷ್ಟು ಪೆಕ್ಟಿನ್ ಇದೆ ಎಂದು ತಿಳಿಯಲು ಸುಲಭದ ದಾರಿಯಿದೆ. ಸಣ್ಣ ಗಾಜಿನ ಲೋಟದಲ್ಲಿ ಒಂದು ಚಮಚ ತಣ್ಣಗಾದ ರಸ, ಮೂರು ಚಮಚ ಸರ್ಜಿಕಲ್ ಸ್ಪಿರಿಟ್ ಹಾಕಿ ಮೆಲ್ಲಗೆ ಆಡಿಸಿ. ಒಂದೆರಡು ನಿಮಿಷ ಬಿಟ್ಟು ನೋಡಿ. ಇದನ್ನು ಒಲೆಯಿಂದ ದೂರ ಮಾಡಿ, ಪರೀಕ್ಷೆ ಮುಗಿದ ಕೂಡಲೇ ಚೆಲ್ಲಿ. ಅಪ್ಪಿತಪ್ಪಿಯೂ ರುಚಿ ನೋಡಬಾರದು.

ಒಂದೇ ಗಟ್ಟಿ ಮುದ್ದೆಯಾಗಿ ಎದ್ದು ಬಂದರೆ ಪೆಕ್ಟಿನ್ ಧಾರಾಳವಾಗಿದೆ. 750 ಮಿಲಿ ರಸಕ್ಕೆ ಪೂರ್ತಿ 600 ಗ್ರಾಂ ಸಕ್ಕರೆ ಹಾಕಿ. ಮುದ್ದೆ ಎರಡು ಮೂರು ತುಂಡಾಗಿದ್ದರೆ 525 ಗ್ರಾಂ ಸಾಕು. ಸಣ್ಣ ಸಣ್ಣ ಚೂರಷ್ಟೇ ಕಂಡರೆ ರಸ ತೆಳುವಾಗಿದೆ ಎಂದರ್ಥ. ಸಕ್ಕರೆ ಹಾಕದೆ ರಸವನ್ನು ಮುಕ್ಕಾಲು ಭಾಗಕ್ಕೆ ಇಳಿಯುವವರೆಗೆ ಕುದಿಸಿ, ಆರಿಸಿ, ಮತ್ತೆ ಪರೀಕ್ಷೆ ಮಾಡಿ. ಆಮೇಲೆ ಇಳಿದ ರಸವನ್ನು ಅಳೆದು ಅದೇ ಪ್ರಮಾಣದಲ್ಲಿ ಸಕ್ಕರೆ ಲೆಕ್ಕ ಹಾಕಿ. ಈ ಪರೀಕ್ಷೆ ಬಿಟ್ಟು ಕಣ್ಣಂದಾಜಿನಲ್ಲಿ ಸಕ್ಕರೆ ಸುರಿಯುವುದೇ ಜೆಲ್ಲಿ ಕೈಕೊಡಲು ದೊಡ್ಡ ಕಾರಣ.

ಬಾಟಲಿ ಸಿದ್ಧತೆ

ಪಾಕ ಒಲೆಗೇರುವ ಮೊದಲೇ ಇದು ಆಗಿರಬೇಕು. ಗಾಜಿನ ಬಾಟಲಿಗಳನ್ನು ಸೋಪಿನಲ್ಲಿ ತೊಳೆದು, ದೊಡ್ಡ ಪಾತ್ರೆಯ ತಳಕ್ಕೆ ಬಟ್ಟೆ ಹಾಸಿ, ಮುಳುಗುವಷ್ಟು ನೀರಿನಲ್ಲಿ ಕುದಿಸಿ. ಮಂಗಳೂರು, ಕಾರವಾರದಂಥ ಊರಿನಲ್ಲಿ 10 ನಿಮಿಷ ಸಾಕು. ಬೆಂಗಳೂರು, ಮೈಸೂರು, ಮಡಿಕೇರಿಯಂಥ ಎತ್ತರದ ಊರಿನಲ್ಲಿ 13ರಿಂದ 15 ನಿಮಿಷ ಬಿಡಿ. ತುಂಬುವವರೆಗೂ ಆ ಬಿಸಿನೀರಿನಲ್ಲೇ ಇರಲಿ. ತಣ್ಣಗಿನ ಗಾಜಿಗೆ ಕುದಿವ ಪಾಕ ಬಿದ್ದರೆ ಬಾಟಲಿ ಸೀಳುತ್ತದೆ. ಮುಚ್ಚಳ ಹೊಸದಿರಲಿ. ಹಳೆಯ ಮುಚ್ಚಳದ ಒಳಗಿನ ರಬ್ಬರ್ ಪದರ ಒಮ್ಮೆ ಒತ್ತಿಹೋದ ಮೇಲೆ ಮತ್ತೆ ಗಾಳಿ ತಡೆಯುತ್ತದೆ ಅಂತ ನಂಬುವ ಹಾಗಿಲ್ಲ. ಎರಡು ಸ್ಟೀಲ್ ತಟ್ಟೆಗಳನ್ನು ಈಗಲೇ ಫ್ರೀಜರ್‌ನಲ್ಲಿಡಿ, ಮುಂದೆ ಬೇಕಾಗುತ್ತವೆ.

ಪಾಕ

ಖಾಲಿ ಪಾತ್ರೆಯ ತೂಕ ಬರೆದಿಟ್ಟುಕೊಳ್ಳಿ. ರಸ ಹಾಕಿ ಬಿಸಿ ಮಾಡಿ, ಸಕ್ಕರೆ ಸೇರಿಸಿ, ಸಣ್ಣ ಉರಿಯಲ್ಲಿ ಪೂರ್ತಿ ಕರಗಿಸಿ. ಸಕ್ಕರೆ ಕರಗುವ ಮೊದಲು ಕುದಿ ಬರಬಾರದು. ಕರಗಿದ ಮೇಲೆ ಉರಿ ಪೂರ್ತಿ ಏರಿಸಿ. ಜೋರು ಕುದಿಯಲ್ಲಿ ಬೇಗ ಮುಗಿಸುವುದು ಮುಖ್ಯ. ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ ಕುದಿಸಿದರೆ ಪೆಕ್ಟಿನ್ ಒಡೆದು, ಬಣ್ಣ ಕಪ್ಪಾಗಿ, ಕೊನೆಗೆ ಅಂಟಿನ ಪಾಕ ಉಳಿಯುತ್ತದೆ. ಇದೇ ಕಾರಣಕ್ಕೆ ಅಳತೆಯನ್ನು ಎರಡು ಪಟ್ಟು ಮಾಡಬೇಡಿ. ಆರು ಬಾಟಲಿ ಬೇಕಾದರೆ ಎರಡು ಸಲ ಮಾಡಿ.

ಹತ್ತು ನಿಮಿಷದ ನಂತರ ಮೆಣಸಿನಕಾಯಿಯನ್ನು ವಿನೆಗರ್ ಸಮೇತ ಹಾಕಿ. ಆಗ ಘಾಟು ಏಳುತ್ತದೆ, ಕಿಟಕಿ ತೆರೆದಿರಲಿ, ಮಕ್ಕಳು ಒಲೆಯ ಹತ್ತಿರ ಬೇಡ. ಕಾಳುಮೆಣಸನ್ನೂ ಈಗಲೇ ಸೇರಿಸಿ. ಮತ್ತೆ ಜೋರು ಕುದಿಗೆ ಬಂದ ಮೇಲೆ ಐದು ನಿಮಿಷದಿಂದ ಪರೀಕ್ಷೆ ಶುರು ಮಾಡಿ.

ಮೊದಲನೆಯದು ತಾಪಮಾನ. ಪುಸ್ತಕಗಳಲ್ಲಿ 105 ಡಿಗ್ರಿ ಸೆಲ್ಸಿಯಸ್ ಎಂದಿರುತ್ತದೆ. ಅದು ಕಡಲ ತೀರದ ಲೆಕ್ಕ. ಎತ್ತರಕ್ಕೆ ಹೋದಷ್ಟೂ ನೀರು ಕಡಿಮೆ ಬಿಸಿಗೇ ಕುದಿಯುತ್ತದೆ. ಮಂಗಳೂರಿನಲ್ಲಿ 100ಕ್ಕೆ ಕುದಿಯುವ ನೀರು ಬೆಂಗಳೂರಿನಲ್ಲಿ ಸುಮಾರು 97ಕ್ಕೆ, ಮಡಿಕೇರಿಯಲ್ಲಿ ಸುಮಾರು 96ಕ್ಕೆ ಕುದಿಯುತ್ತದೆ. ನಿಮ್ಮ ಮನೆಯಲ್ಲಿ ಬರೀ ನೀರು ಎಷ್ಟಕ್ಕೆ ಕುದಿಯುತ್ತದೆ ಅಂತ ಮೊದಲು ಅಳೆದುಕೊಳ್ಳಿ, ಅದಕ್ಕೆ 4.5 ಡಿಗ್ರಿ ಕೂಡಿಸಿ. ಬೆಂಗಳೂರಿನಲ್ಲಿ ಅದು 101.5ರ ಹತ್ತಿರ. ಅಲ್ಲಿ ಕುಳಿತು 105ಕ್ಕೆ ಕಾದರೆ ಜೆಲ್ಲಿ ಚಾಕುವಿನಲ್ಲಿ ಕತ್ತರಿಸುವಷ್ಟು ಬಿರುಸಾಗುತ್ತದೆ.

ಎರಡನೆಯದು ತೂಕ. ನನಗೆ ಹೆಚ್ಚು ನಂಬಿಕೆ ಇದರ ಮೇಲೆ. ಸಿದ್ಧವಾದ ಜೆಲ್ಲಿಯ ತೂಕ ಹಾಕಿದ ಸಕ್ಕರೆಯ ಒಂದೂವರೆ ಪಟ್ಟು ಇರಬೇಕು. 600 ಗ್ರಾಂ ಸಕ್ಕರೆಗೆ 900 ಗ್ರಾಂ, ಅದರ ಮೇಲೆ ಮೆಣಸಿನಕಾಯಿ ಚೂರಿನ ತೂಕ. ಒಲೆಯಿಂದ ಇಳಿಸಿ, ತಕ್ಕಡಿ ಮೇಲೆ ಹಲಗೆ ಇಟ್ಟು ತೂಗಿ, ಪಾತ್ರೆಯ ತೂಕ ಕಳೆಯಿರಿ.

ಮೂರನೆಯದು ಸೌಟು. ಪಾಕದಲ್ಲಿ ಅದ್ದಿ ಮೇಲೆತ್ತಿ ಅಡ್ಡಕ್ಕೆ ತಿರುಗಿಸಿ. ಮೊದಮೊದಲು ಹನಿ ಹನಿಯಾಗಿ ಬೀಳುತ್ತದೆ. ಆಮೇಲೆ ಎರಡು ದಪ್ಪ ಹನಿಗಳು ಅಂಚಿನಲ್ಲಿ ಸೇರಿಕೊಂಡು ಒಂದೇ ಹಾಳೆಯಾಗಿ ಕಳಚಿ ಬೀಳುತ್ತವೆ. ಆಗ ಉರಿ ಆರಿಸಿ. ಸಂಶಯ ಇದ್ದರೆ ಫ್ರೀಜರ್‌ನ ತಟ್ಟೆಗೆ ಒಂದು ಚಮಚ ಪಾಕ ಹಾಕಿ, ಒಂದು ನಿಮಿಷ ಬಿಟ್ಟು ಬೆರಳಿನಿಂದ ತಳ್ಳಿ. ಮೇಲ್ಮೈ ಸುಕ್ಕಾದರೆ ಆಯಿತು. ಈ ತಟ್ಟೆ ಪರೀಕ್ಷೆ ಮಾಡುವಾಗ ಒಲೆ ಆರಿಸಿರಬೇಕು, ಆ ಒಂದು ನಿಮಿಷದಲ್ಲೇ ಪಾಕ ಹದ ಮೀರಬಹುದು.

ತುಂಬುವುದು

ಮೇಲಿನ ನೊರೆ ತೆಗೆಯಿರಿ. ಕೂಡಲೇ ತುಂಬಿದರೆ ಮೆಣಸಿನಕಾಯಿ ಚೂರುಗಳೆಲ್ಲ ಮೇಲೆ ತೇಲಿ ಅಲ್ಲೇ ನಿಲ್ಲುತ್ತವೆ. ನಾಲ್ಕೈದು ನಿಮಿಷ ಬಿಟ್ಟು, ಪಾಕ ಸ್ವಲ್ಪ ದಪ್ಪವಾಗತೊಡಗಿದಾಗ ಒಮ್ಮೆ ಮೆಲ್ಲಗೆ ತಿರುವಿ ತುಂಬಿ. ಅಷ್ಟಕ್ಕಿಂತ ಹೆಚ್ಚು ಆರಬಾರದು, ಬಿಸಿಯಲ್ಲೇ ತುಂಬಬೇಕು. ಬಾಯಿಯಿಂದ ಕಾಲಿಂಚು ಬಿಟ್ಟು ತುಂಬಿ, ಅಂಚನ್ನು ಶುಭ್ರ ಒದ್ದೆ ಬಟ್ಟೆಯಿಂದ ಒರೆಸಿ, ಮುಚ್ಚಳ ಹಾಕಿ.

ಹೊರಗೆ ತಿಂಗಳುಗಟ್ಟಲೆ ಇಡುವುದಾದರೆ ಮುಚ್ಚಿದ ಬಾಟಲಿಗಳನ್ನು ಮತ್ತೆ ಕುದಿನೀರಿನಲ್ಲಿಡಬೇಕು, ನೀರು ಮುಚ್ಚಳದ ಮೇಲೆ ಒಂದಿಂಚು ನಿಲ್ಲಬೇಕು. ಕರಾವಳಿಯಲ್ಲಿ 5 ನಿಮಿಷ, ಸಾವಿರ ಅಡಿಗಿಂತ ಎತ್ತರದ ಊರುಗಳಲ್ಲಿ 10 ನಿಮಿಷ. ಬಿಸಿ ಬಾಟಲಿಯನ್ನು ತಲೆಕೆಳಗೆ ಇಟ್ಟರೆ ಸೀಲ್ ಆಗುತ್ತದೆ ಎಂಬ ಪದ್ಧತಿಯನ್ನು ನಂಬಬೇಡಿ. ಹೊರತೆಗೆದು ಬಟ್ಟೆಯ ಮೇಲೆ ಇಟ್ಟು 24 ಗಂಟೆ ಅಲುಗಾಡಿಸದೆ ಬಿಡಿ. ಪೂರ್ತಿ ಕಟ್ಟಲು ಎರಡು ದಿನವೂ ಹಿಡಿಯಬಹುದು. ಮುಚ್ಚಳದ ನಡುಭಾಗ ಒಳಗೆ ಕುಸಿದಿದ್ದರೆ ಸೀಲ್ ಆಗಿದೆ, ಒತ್ತಿದರೆ ಟಕ್ ಅನ್ನಬಾರದು. ಅಂಥವನ್ನು ಬಿಸಿಲು ಬೀಳದ ತಂಪು ಜಾಗದಲ್ಲಿ ಒಂದು ವರ್ಷದವರೆಗೆ ಇಡಬಹುದು. ಸೀಲ್ ಆಗದ್ದನ್ನು, ಒಮ್ಮೆ ತೆರೆದದ್ದನ್ನು ಫ್ರಿಜ್ಜಿನಲ್ಲಿಟ್ಟು ಒಂದು ತಿಂಗಳೊಳಗೆ ಮುಗಿಸಿ. ಬೂಸ್ಟು ಕಂಡರೆ ಮೇಲಿನದನ್ನು ಮಾತ್ರ ತೆಗೆದು ತಿನ್ನಬೇಡಿ, ಬಾಟಲಿಯಲ್ಲಿ ಇರುವುದೆಲ್ಲವನ್ನೂ ಎಸೆಯಿರಿ.

ಕೈಕೊಟ್ಟರೆ

ಎರಡು ದಿನವಾದರೂ ಕಟ್ಟಲಿಲ್ಲವೆಂದರೆ ಎರಡು ಕಾರಣ ಇರಬಹುದು: ಕುದಿ ಸಾಲದು ಅಥವಾ ಪೆಕ್ಟಿನ್ ಸಾಲದು. ಮತ್ತೆ ಪಾತ್ರೆಗೆ ಹಾಕಿ ತೂಗಿ ನೋಡಿ. ತೂಕ ಜಾಸ್ತಿ ಇದ್ದರೆ ಕುದಿಸಿ ಇಳಿಸಿ. ತೂಕ ಸರಿಯಿದ್ದೂ ಕಟ್ಟದಿದ್ದರೆ, ಹೊಸದಾಗಿ ಇಳಿಸಿದ ಗಟ್ಟಿ ಸೀಬೆ ರಸ ಒಂದು ಲೋಟ, ಒಂದು ಚಮಚ ನಿಂಬೆ ರಸ ಸೇರಿಸಿ ಕುದಿಸಿ.

ಜೆಲ್ಲಿ ಕಟ್ಟಿ ಆಮೇಲೆ ಸುತ್ತ ನೀರು ಬಿಡುತ್ತಿದ್ದರೆ ಹುಳಿ ಹೆಚ್ಚಾಗಿದೆ. ಹರಳು ಕಟ್ಟಿದರೆ ಸಕ್ಕರೆ ಪೂರ್ತಿ ಕರಗಿರಲಿಲ್ಲ, ಅಥವಾ ಪಾಕ ಹದ ಮೀರಿದೆ. ತೀರಾ ಗಟ್ಟಿಯಾದದ್ದನ್ನು ಬಿಸಾಡಬೇಡಿ. ಬೇಕಾದಷ್ಟನ್ನೇ ಸ್ವಲ್ಪ ಬಿಸಿನೀರಿನಲ್ಲಿ ಕರಗಿಸಿದರೆ ಪನೀರ್, ಕೋಳಿ, ಹಂದಿ ಮಾಂಸಕ್ಕೆ ಸವರಲು ಒಳ್ಳೆಯ ಮೆರುಗಾಗುತ್ತದೆ. ಸುಡುವ ಕೊನೆಯ ಎರಡು ಮೂರು ನಿಮಿಷದಲ್ಲಿ ಸವರಿ, ಮೊದಲೇ ಸವರಿದರೆ ಸಕ್ಕರೆ ಹೊತ್ತಿ ಕಹಿಯಾಗುತ್ತದೆ.

ಸೀಬೆ ಸಿಗದ ಕಡೆ

ಬೇಸಿಗೆಯಲ್ಲಿ ಹುಳಿ ಕವಳಿಕಾಯಿ ಸಿಕ್ಕರೆ ಅದರಲ್ಲೂ ಪೆಕ್ಟಿನ್ ಹೇರಳ. ಹುಳಿ ಅದರಲ್ಲೇ ಇರುವುದರಿಂದ ರಸ ಇಳಿಸುವಾಗ ಸಿಟ್ರಿಕ್ ಆಸಿಡ್ ಬೇಡ, ಆದರೆ ಮೆಣಸಿನಕಾಯಿ ನೆನೆಸುವ ವಿನೆಗರ್ ಬೇಕೇ ಬೇಕು. ಬೇಲದ ಹಣ್ಣಿನಿಂದಲೂ ಒಳ್ಳೆಯ ಜೆಲ್ಲಿ ಬರುತ್ತದೆ. ಅಮೆರಿಕ, ಇಂಗ್ಲೆಂಡ್‌ನಲ್ಲಿರುವವರಿಗೆ ಸೀಬೆ ದುಬಾರಿ. ಅಲ್ಲಿ ಗ್ರ್ಯಾನಿ ಸ್ಮಿತ್ ಎಂಬ ಹುಳಿ ಹಸಿರು ಸೇಬನ್ನು ಸಿಪ್ಪೆ, ಬೀಜದ ಗೂಡು ಸಮೇತ ಇದೇ ರೀತಿ ಬೇಯಿಸಿ. ಹಸಿ ಮೆಣಸಿನಕಾಯಿ ಬದಲು ಹಲಪೆನ್ಯೊ ಹಾಕಿ. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಕ್ರೀಮ್ ಚೀಸ್ ಗಡ್ಡೆಯ ಮೇಲೆ ಈ ಜೆಲ್ಲಿ ಸುರಿದು ಬಿಸ್ಕತ್ತಿನ ಜೊತೆ ಅತಿಥಿಗಳಿಗೆ ಕೊಡುತ್ತಾರೆ. ನಮ್ಮಲ್ಲಿ ಬಟ್ಟೆಯಲ್ಲಿ ಕಟ್ಟಿ ನೀರು ತೆಗೆದ ಗಟ್ಟಿ ಮೊಸರಿಗೆ ಉಪ್ಪು ಬೆರೆಸಿ, ಅದರ ಮೇಲೆ ಹಾಕಿ, ನಿಪ್ಪಟ್ಟಿನ ಜೊತೆ ಕೊಟ್ಟು ನೋಡಿ.

ಬಟ್ಟೆಯಲ್ಲಿ ಉಳಿದ ತಿರುಳನ್ನು ಚೆಲ್ಲಬೇಡಿ. ಜಾಲರಿಯಲ್ಲಿ ಉಜ್ಜಿ ಬೀಜ ಬೇರೆ ಮಾಡಿ, ತೂಕದ ಮುಕ್ಕಾಲು ಪಾಲು ಸಕ್ಕರೆ, ಒಂದು ನಿಂಬೆಹಣ್ಣಿನ ರಸ, ಚಿಟಿಕೆ ಉಪ್ಪು ಹಾಕಿ, ಬಾಣಲೆ ಬಿಡುವವರೆಗೆ ಮಗುಚಿ. ತುಪ್ಪ ಸವರಿದ ತಟ್ಟೆಗೆ ಸುರಿದು ಮರುದಿನ ಕತ್ತರಿಸಿದರೆ ಸೀಬೆ ಬರ್ಫಿ.